ಕರಾವಳಿಯಿಂದಲೂ ಮಸುಕು ನೀಹಾರಿಕೆ ಸಿಗುತ್ತದೆ

ಮಸುಕಾದ ಗ್ರಹೀಯ ನೀಹಾರಿಕೆಗಳ, ಅಂದರೆ ಸಾಯುತ್ತಿರುವ ನಕ್ಷತ್ರಗಳು ಹೊರಚೆಲ್ಲಿದ ಅನಿಲದ ಮೋಡಗಳ, ಚಿತ್ರ ಬೇಕಿದ್ದರೆ ಲಡಾಖಿನಂತಹ ಕಗ್ಗತ್ತಲ ಆಕಾಶಕ್ಕೇ ಹೋಗಬೇಕು, ಕರಾವಳಿಯವರು ಆಸೆ ಬಿಡಬೇಕು ಎಂದು ಈ ನೀಹಾರಿಕೆಗಳ ಕುರಿತ ಲೇಖನದಲ್ಲಿ ಲೇಖಕರು ಬರೆದಿದ್ದಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಮನೆಯಂಗಳದಿಂದಲೇ ಚಿತ್ರ ತೆಗೆಯುವ ನಾನು ಈ ಮಾತನ್ನು ಖಂಡಿತ ಒಪ್ಪುವುದಿಲ್ಲ.

ನೀಹಾರಿಕೆಯ ಈ ಅನಿಲ ಎಲ್ಲ ಬಣ್ಣಗಳಲ್ಲಿ ಸಮನಾಗಿ ಬೆಳಗುವುದಿಲ್ಲ. ಬೆಳಕಿನ ಬಹುಪಾಲು ಕೆಲವೇ ರೇಖೆಗಳಲ್ಲಿ, ಅಂದರೆ ನಿರ್ದಿಷ್ಟ ತರಂಗಾಂತರಗಳಲ್ಲಿ, ಇದೆ. ಮುಖ್ಯವಾಗಿ ಆಮ್ಲಜನಕದ 500.7 ಮತ್ತು ಜಲಜನಕದ 656.3 ನ್ಯಾನೋಮೀಟರ್. ಅಷ್ಟನ್ನೇ ಒಳಬಿಡುವ ಫಿಲ್ಟರ್ ಹಾಕಿದರೆ ಬೀದಿದೀಪದ ಬೆಳಕಿನ ಹೆಚ್ಚಿನ ಭಾಗ ಹೊರಗೇ ಉಳಿಯುತ್ತದೆ. ಐದೈದು ನಿಮಿಷದ ಚಿತ್ರಗಳನ್ನು ಗಂಟೆಗಟ್ಟಲೆ ತೆಗೆದು ಒಂದರ ಮೇಲೊಂದು ಪೇರಿಸಿ ನೋಡಿ: ಮಿಥುನ ರಾಶಿಯ ಮೆಡೂಸಾ ನೀಹಾರಿಕೆಯ ಕೆಂಪು ಎಳೆಗಳು ಒಂದೊಂದಾಗಿ ಮೇಲೇಳುತ್ತವೆ. ಖಗೋಳ ವಿಜ್ಞಾನಿ ಜಾರ್ಜ್ ಏಬೆಲ್ 1966ರಲ್ಲಿ ಪ್ರಕಟಿಸಿದ ಗ್ರಹೀಯ ನೀಹಾರಿಕೆಗಳ ಪಟ್ಟಿಯಲ್ಲಿ ಅದು 21ನೆಯದು.

ನಮ್ಮ ನಿಜವಾದ ಕಷ್ಟ ಬೇರೆ. ತಿರುಗುವ ಆಕಾಶವನ್ನು ದೂರದರ್ಶಕ ಹಿಂಬಾಲಿಸಬೇಕಾದರೆ ಅದರ ಅಕ್ಷ ಧ್ರುವ ನಕ್ಷತ್ರದ ಕಡೆಗಿರಬೇಕು; ಆ ನಕ್ಷತ್ರವೋ ಇಲ್ಲಿ ಕ್ಷಿತಿಜದಿಂದ ಹನ್ನೆರಡೂವರೆ ಡಿಗ್ರಿಯಷ್ಟೇ ಮೇಲಿದೆ, ಅಂದರೆ ಅಡಿಕೆ ಮರಗಳ ಹಿಂದೆ! ಅದನ್ನು ಕಾಣದೆಯೇ, ದಕ್ಷಿಣದ ಒಂದು ನಕ್ಷತ್ರ ಎತ್ತ ಜಾರುತ್ತದೆ ಎಂದು ತಾಳ್ಮೆಯಿಂದ ಗಮನಿಸಿ ದೂರದರ್ಶಕದ ಅಕ್ಷವನ್ನು ಹೊಂದಿಸಬೇಕು. ಮೇಲಾಗಿ ಇಬ್ಬನಿ. ಡಿಸೆಂಬರಿನ ನಡುರಾತ್ರಿ ಮಸೂರದ ಮೇಲೆ ನೀರು ಕೂತುಬಿಡುತ್ತದೆ. ಬಿಸಿಪಟ್ಟಿ ಸುತ್ತದೆ ಕೆಲಸ ಸಾಗದು. ಉಂಗುರ ನೀಹಾರಿಕೆ ಎತ್ತರಕ್ಕೇರುವ ತಿಂಗಳುಗಳನ್ನಂತೂ ಮಳೆಗಾಲವೇ ನುಂಗಿಬಿಡುತ್ತದೆ.

ಡಿಸೆಂಬರಿನಿಂದ ಮಾರ್ಚ್‌ವರೆಗೆ ಮಿಥುನ, ಕರ್ಕಾಟಕ ರಾಶಿಗಳತ್ತ ದೂರದರ್ಶಕ ತಿರುಗಿಸಿ ಎಂಬ ಸಲಹೆಯನ್ನು ಲೇಖಕರು ದಯವಿಟ್ಟು ಸೇರಿಸಬೇಕು. ಲೇಖನ ಓದಿದ ನಮ್ಮೂರಿನ ಮಕ್ಕಳು ಪ್ರಯತ್ನಿಸುವ ಮೊದಲೇ ಕೈಬಿಡಬಾರದು.