ಬಕೆಟ್ ಲೆಕ್ಕ

ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲದ ಜಿಲ್ಲೆ ನಮ್ಮದು. ಕೋಲಾರದಲ್ಲಿ ಯಾರ ಮನೆಗೆ ಹೋದರೂ ಕ್ಷೇಮಸಮಾಚಾರಕ್ಕಿಂತ ಮೊದಲು ಬರುವ ಪ್ರಶ್ನೆ, ‘ನೀರು ಬಂತೇ?’ ಸಾವಿರ ಅಡಿ ದಾಟಿ ಕೊರೆದ ಬೋರ್‌ವೆಲ್‌ನ ನೀರು ಪಾತ್ರೆಯ ತಳಕ್ಕೆ ಸುಣ್ಣ ಬಳಿದು ಹೋಗುತ್ತದೆ. ಹಾಗಾಗಿ ಅಡುಗೆಮನೆಯ ಗೋಡೆಗೊಂದು ಆರ್‌ಒ ಯಂತ್ರ. ಅದು ಒಂದು ಲೀಟರ್ ಕುಡಿಯುವ ನೀರು ಕೊಡಲು ಎರಡು ಮೂರು ಲೀಟರನ್ನು ಸಣ್ಣ ಕೊಳವೆಯಲ್ಲಿ ಸಿಂಕಿಗೆ ಹರಿಸುತ್ತದೆ. ಇದು ನನಗೆ ಗೊತ್ತಿರಲಿಲ್ಲ ಎಂದಲ್ಲ. ಗೊತ್ತಿಲ್ಲದವನಂತೆ ಇದ್ದೆ, ಅಷ್ಟೆ. ನಾಲ್ಕನೇ ತರಗತಿಯ ಮಗಳಿಗೆ ಶಾಲೆಯಲ್ಲಿ ಗೊತ್ತಾಗುವವರೆಗೆ.

ಪರಿಸರ ಅಧ್ಯಯನದ ಟೀಚರ್ ನೋಟ್‌ಬುಕ್‌ನಲ್ಲಿ ಗೆರೆ ಎಳೆಸಿದ್ದರು: ಹಿಡಿದ ನೀರೆಷ್ಟು, ಬಳಸಿದ್ದು ಯಾವುದಕ್ಕೆ, ಪೋಷಕರ ಸಹಿ. ಕೊಳವೆ ಸಿಂಕಿನಿಂದ ಬಕೆಟ್ಟಿಗೆ ಇಳಿಯಿತು. ಬಕೆಟ್ ತುಂಬಿ ಟಬ್ ಬಂತು, ಟಬ್ ತುಂಬಿ ಇಡ್ಲಿ ಪಾತ್ರೆ. ಮೂರನೆಯ ರಾತ್ರಿ ಕರೆಂಟ್ ಹೋದಾಗ ನನ್ನ ಬಲಗಾಲು ನೇರವಾಗಿ ಟಬ್ಬಿಗಿಳಿಯಿತು. ‘ಅಪ್ಪಾ, ಚೆಲ್ಲಬೇಡ!’ ಎಂಬ ಕೂಗು ಕೇಳಿಸಿತು. ಕಾಲು ಉಳುಕಿತೇ ಎಂದು ಯಾರೂ ಕೇಳಲಿಲ್ಲ.

ಹೆಂಡತಿಯ ಗುಲಾಬಿ ಗಿಡಕ್ಕೂ ಅದೇ ನೀರು ಬಿತ್ತು. ಕೆಲವು ವಾರಗಳಲ್ಲಿ ಎಲೆಯಂಚು ಸೀದ ಹಪ್ಪಳದಂತೆ ಕಂದಿ, ಕುಂಡದ ಮಣ್ಣಿನ ಮೇಲೆ ಬಿಳಿಯ ಉಪ್ಪು ಹೆಪ್ಪುಗಟ್ಟಿತು. ಯಂತ್ರ ಸೋಸಿ ತೆಗೆದ ಲವಣವೆಲ್ಲ ಹೋಗುವುದು ಈ ನೀರಿಗೇ ತಾನೇ! ನೆಲ ಒರೆಸಲು ಸರಿ, ಶೌಚಾಲಯಕ್ಕೆ ಸರಿ, ಗಿಡಕ್ಕೆ ಬೇಡ ಎಂದು ನನ್ನ ಅಮ್ಮ ತೀರ್ಪು ಕೊಟ್ಟರು. ಅಕ್ಕಿ ತೊಳೆದ ನೀರನ್ನೂ ಕಲಗಚ್ಚಿಗೆ ಸೇರಿಸಿ ಹಸುವಿಗಿಟ್ಟು ಬಾಳಿದವರು. ಇದಕ್ಕೂ ಒಂದು ನೋಟ್‌ಬುಕ್ಕೇ ಎಂಬ ನಗು ಅವರ ಮುಖದಲ್ಲಿ.

‘ಬೇಡದ ನೀರಿನ ಜೊತೆ ಸಂಸಾರವಾಯಿತು’ ಎಂದು ನಾನು ಗೊಣಗಿದೆ.

‘ಬೆಂಗಳೂರಿನವರು ಬಳಸಿ ಬಿಟ್ಟ ನೀರೇ ನಮ್ಮ ಕೆರೆಗೆ ಬರುತ್ತಿದೆಯಂತೆ, ಅಪ್ಪ. ಇದು ನಮ್ಮದೇ ಮನೆಯದಲ್ಲವೇ?’

2018ರಲ್ಲಿ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಕಳಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು ಕೆರೆಗಳಿಗೆ ಬಂದಾಗಿನಿಂದ, ಎರಡು ಹಂತದ ಶುದ್ಧೀಕರಣ ಸಾಲದು, ಮೂರನೆಯದೂ ಬೇಕು ಎಂದು ಟೀ ಅಂಗಡಿಯಲ್ಲಿ ಭಾಷಣ ಬಿಗಿಯುತ್ತ ಬಂದವನು ನಾನು. ಮನೆಯಲ್ಲಿ ಬಾಯಿ ಬರಲಿಲ್ಲ.

ಕಳೆದ ಶನಿವಾರ ಮೈಸೂರಿನಿಂದ ಹೆಂಡತಿಯ ಅಣ್ಣ ಬಂದರು. ಕಾವೇರಿ ನೀರು ಕುಡಿದು ಬೆಳೆದ ನಾಲಿಗೆ. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವಾಗಿ ಕಾಫಿ ನಾನೇ ಮಾಡಿದೆ, ಒಲೆಯ ಪಕ್ಕದ ಸ್ಟೀಲ್ ಬಿಂದಿಗೆಯಿಂದ ನೀರು ಬಗ್ಗಿಸಿಕೊಂಡು. ಪಾತ್ರೆ ಸಾಲದೆ ಮಗಳು ಕುಡಿಯುವ ನೀರಿನ ಬಿಂದಿಗೆಗೂ ಕೊಳವೆ ಬಿಟ್ಟಿದ್ದಳೆಂಬುದು ಆಗ ನನಗೆ ತಿಳಿಯದು.

ಭಾವ ಒಂದು ಗುಟುಕು ಹೀರಿ, ಲೋಟದೊಳಗೆ ಇಣುಕಿ, ‘ಪುಡಿ ಬದಲಾಯಿಸಿದಿರಾ? ಏನೋ ಒಂದು ಗಡಸು ಇದೆ’ ಎಂದರು.

‘ಚಿಕ್ಕಮಗಳೂರಿನದು’ ಎಂದೆ.

‘ಅದೇ ನೋಡಿ! ಇನ್ನರ್ಧ ಲೋಟ ಕೊಡಿ.’

ಅಷ್ಟರಲ್ಲಿ ಮಗಳು ಶಾಲೆಯಿಂದ ಬಂದಳು. ಬಿಂದಿಗೆಯ ಮುಚ್ಚಳ ನೋಡಿದಳು, ಮಾವನ ಲೋಟ ನೋಡಿದಳು, ನನ್ನನ್ನು ನೋಡಿದಳು. ಏನೂ ಹೇಳದೆ ಚೀಲದಿಂದ ನೋಟ್‌ಬುಕ್ ತೆಗೆದು ‘ಕಾಫಿ, ಮಾವನಿಗೆ, ಒಂದೂವರೆ ಲೋಟ’ ಎಂದು ಬರೆದು, ಪೋಷಕರ ಸಹಿಯ ಜಾಗಕ್ಕೆ ಬೆರಳಿಟ್ಟು ನನ್ನ ಮುಂದೆ ಹಿಡಿದಳು.