ಸ್ಪಷ್ಟನೆ: ತಜ್ಞರ ಬ್ರಾಕೆಟ್ ನಕಲು ಮಾಡಿದರೆ ಎಲ್ಲವೂ ಸರಿಯಾಗುತ್ತದೆಯೇ?

ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ಟೂರ್ನಿ 'ಮಾರ್ಚ್ ಮ್ಯಾಡ್ನೆಸ್' ಬಂದಾಗಲೆಲ್ಲ ಒಂದು ಮಾತು ಹರಿದಾಡುತ್ತದೆ: ಟಿವಿ ತಜ್ಞರು ಹೇಳಿದ ಹಾಗೆ ಬ್ರಾಕೆಟ್ (ಪ್ರತಿ ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆ ಎಂದು ಮೊದಲೇ ಊಹಿಸಿ ತುಂಬುವ ಪಟ್ಟಿ) ತುಂಬಿಸಿದರೆ ಒಂದೂ ತಪ್ಪುವುದಿಲ್ಲ. ಇದು ಸುಳ್ಳು.

ಬ್ರಾಕೆಟ್‌ನಲ್ಲಿ ಊಹಿಸಬೇಕಾದ ಪಂದ್ಯಗಳು 63. ಎಲ್ಲವೂ ಸರಿಯಾದ ಬ್ರಾಕೆಟ್ ಇದುವರೆಗೆ ಒಂದೂ ದಾಖಲಾಗಿಲ್ಲ. 2019ರಲ್ಲಿ ಒಹಾಯೊದ ಒಬ್ಬರು ಮೊದಲ 49 ಪಂದ್ಯಗಳನ್ನು ಸರಿಯಾಗಿ ಊಹಿಸಿದ್ದರು. ಅವರು ಟಿವಿ ತಜ್ಞರೇನೂ ಅಲ್ಲ.

ಟೂರ್ನಿಯ ನಾಲ್ಕೂ ವಿಭಾಗಗಳಲ್ಲಿ ತಂಡಗಳಿಗೆ 1ರಿಂದ 16ರವರೆಗೆ ಶ್ರೇಯಾಂಕ ಇರುತ್ತದೆ. 2018ರಲ್ಲಿ 16ನೇ ಶ್ರೇಯಾಂಕದ ಯುಎಂಬಿಸಿ (ಮೇರಿಲ್ಯಾಂಡ್‌ನ ಒಂದು ವಿಶ್ವವಿದ್ಯಾಲಯದ ತಂಡ), ಅಗ್ರ ಶ್ರೇಯಾಂಕದ ವರ್ಜೀನಿಯಾ ವಿಶ್ವವಿದ್ಯಾಲಯವನ್ನು 74-54ರಿಂದ ಸೋಲಿಸಿತು. ಇಪ್ಪತ್ತು ಅಂಕಗಳ ಅಂತರ! ಪುರುಷರ ಟೂರ್ನಿಯಲ್ಲಿ ಅದುವರೆಗೆ 16ನೇ ಶ್ರೇಯಾಂಕದ ತಂಡ ಅಗ್ರ ಶ್ರೇಯಾಂಕದ ತಂಡವನ್ನು ಸೋಲಿಸಿಯೇ ಇರಲಿಲ್ಲ. ಮುಂದಿನ ವರ್ಷ ಅದೇ ವರ್ಜೀನಿಯಾ ಚಾಂಪಿಯನ್ ಆಯಿತು. 2023ರ ಕೊನೆಯ ನಾಲ್ಕರಲ್ಲಿ ಅಗ್ರ ಶ್ರೇಯಾಂಕದ ಒಂದು ತಂಡವೂ ಇರಲಿಲ್ಲ.

ತಜ್ಞರಿಗೆ ಆಟ ಗೊತ್ತಿಲ್ಲ ಅಂತಲ್ಲ. ಇದು ಸೋತರೆ ಹೊರಹೋಗುವ ಟೂರ್ನಿ, ಒಂದು ಕೆಟ್ಟ ರಾತ್ರಿ ಸಾಕು. ಒಂದು ಊಹೆ ತಪ್ಪಿದರೆ ಮುಂದಿನ ಸುತ್ತಿನದೂ ಕೆಡುತ್ತದೆ, ಅಲ್ವಾ?

ಇನ್ನೊಂದು ತಿದ್ದುಪಡಿ. ಎಲ್ಲವೂ ಸರಿಯಾಗುವ ಸಾಧ್ಯತೆ ಸುಮಾರು 92 ಸಾವಿರ ಕೋಟಿ ಕೋಟಿಯಲ್ಲಿ ಒಂದು ಎನ್ನುತ್ತಾರೆ. ಅದು ಸುಮ್ನೆ ನಾಣ್ಯ ಚಿಮ್ಮಿ ಆರಿಸುವವರ ಲೆಕ್ಕ. ಆಟ ಬಲ್ಲವರಿಗೆ ಸಾಧ್ಯತೆ ಅದಕ್ಕಿಂತ ತುಂಬಾ ಜಾಸ್ತಿ. ಆದರೂ ಕೈಗೆಟುಕುವಷ್ಟಿಲ್ಲ.