ವರ್ಗಾವಣೆ ಆದೇಶ ಆಗಿದೆ, ಸಾಹೇಬರು ಇನ್ನೂ ಬಂದಿಲ್ಲ

ಬ್ರೆಜಿಲ್‌ನ ಬೆಲೆಂನಲ್ಲಿ ನಡೆದ ಹವಾಮಾನ ಸಮ್ಮೇಳನದ ಸುದ್ದಿ ನೀವೂ ಓದಿರುತ್ತೀರಿ. ಅದೇ, ಹೋಟೆಲ್ ರೂಂ ಸಾಲದೆ ಪ್ರತಿನಿಧಿಗಳನ್ನು ಹಡಗಿನಲ್ಲಿ ಮಲಗಿಸಿದರಲ್ಲ, ಕೊನೆಗೆ ಪೆವಿಲಿಯನ್ನಿಗೇ ಬೆಂಕಿ ಹತ್ತಿ ಎಲ್ಲರೂ ಹೊರಗೆ ಓಡಿದರಲ್ಲ, ಅದು. ಬೆಂಕಿಯ ಬಗ್ಗೆ ಎಲ್ಲರೂ ಜೋಕ್ ಮಾಡಿ ಮುಗಿಸಿದ್ದಾರೆ, ನಾನು ಲೇಟು. ನನ್ನ ತಲೆ ಕೆಡಿಸಿದ್ದು ವರದಿಯ ಬಾಲದಲ್ಲಿದ್ದ ಎರಡು ಪದ. ತಂತ್ರಜ್ಞಾನ ವರ್ಗಾವಣೆ. ಹಿಂದುಳಿದ ದೇಶಗಳಿಗೆ ಸೋಲಾರು, ಗಾಳಿ ಕರೆಂಟು, ಬ್ಯಾಟರಿ, ಇವುಗಳ ವಿದ್ಯೆ ಮುಟ್ಟಿಸಲು ಮತ್ತೊಂದು ಕಾರ್ಯಕ್ರಮವಂತೆ.

ವರ್ಗಾವಣೆ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೇ, ಜೂನ್ ಬಂದರೆ ವಿಧಾನಸೌಧದ ಕಾರಿಡಾರಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಶಾಸಕರ ಲೆಟರ್‌ಹೆಡ್ಡು, ಅದರ ಮೂಲೆಯಲ್ಲಿ ಮಂತ್ರಿಗಳ ಕೈಬರಹ: 'ಪರಿಶೀಲಿಸಿ ಸೂಕ್ತ ಕ್ರಮ ಕೈಗೊಳ್ಳಿ'. ಆದೇಶ ಆದ ಮೇಲೂ ಸಾಹೇಬರು ಹೊರಡುವುದಿಲ್ಲ. ರಿಲೀವ್ ಮಾಡಿಲ್ಲ ಅಂತ ಹದಿನೈದು ದಿನ, ಮೆಡಿಕಲ್ ಲೀವ್ ಒಂದು ತಿಂಗಳು, ಆಮೇಲೆ ಕೆಎಟಿ, ಅಂದರೆ ಸರ್ಕಾರಿ ನೌಕರರ ನ್ಯಾಯಮಂಡಳಿಯಿಂದ ತಡೆಯಾಜ್ಞೆ. ಅಷ್ಟರಲ್ಲಿ ಸರ್ಕಾರ ಬದಲಾಗಿ ಆದೇಶವೇ ರದ್ದು. ಹಿಂದುಳಿದ ತಾಲ್ಲೂಕಿನವರು ಮಾತ್ರ ದಿನಾ ಬಂದು ಖಾಲಿ ಕುರ್ಚಿಗೆ ನಮಸ್ಕಾರ ಹಾಕಿ ಬಸ್ ಹತ್ತುತ್ತಾರೆ.

ಜಗತ್ತಿನ ಈ ದೊಡ್ಡ ಸಾಹೇಬರಿಗೆ ಆದೇಶ ಆಗಿದ್ದು 1992ರಲ್ಲಿ, ರಿಯೋ ಡಿ ಜನೈರೋದಲ್ಲಿ. ಹವಾಮಾನ ಒಪ್ಪಂದದ ನಾಲ್ಕನೇ ವಿಧಿಯಲ್ಲಿ ಬರೆದಿದೆ, ಬೇಕಾದರೆ ತೆಗೆದು ನೋಡಿ. ಪರಿಸರಕ್ಕೆ ಒಳ್ಳೆಯದಾದ ತಂತ್ರಜ್ಞಾನವನ್ನು ಬೇರೆ ದೇಶಗಳಿಗೆ, ಅದರಲ್ಲೂ ಬಡ ದೇಶಗಳಿಗೆ ದಾಟಿಸಲು, ಅದಕ್ಕೆ ಹಣ ಒದಗಿಸಲು ಶ್ರೀಮಂತ ದೇಶಗಳು ಕೈಲಾದ ಕ್ರಮವನ್ನೆಲ್ಲ ಕೈಗೊಳ್ಳಬೇಕು ಅಂತ. ಆದರೆ ವಾಕ್ಯದ ಮಧ್ಯೆ ಒಂದು ಪುಟ್ಟ ಮಾತು ತುರುಕಿದ್ದಾರೆ: ಸೂಕ್ತವೆನಿಸಿದಂತೆ. ನೋಡಿದಿರಾ! ನಮ್ಮ ಸೆಕ್ಷನ್ ಆಫೀಸರು ಯಾರೋ ರಿಯೋಗೆ ಹೋಗಿ ಡ್ರಾಫ್ಟ್ ಮಾಡಿಕೊಟ್ಟು ಬಂದಿರಬೇಕು.

ಹಾಗಂತ ಅವರು ಸುಮ್ನೆ ಕೂತಿಲ್ಲ. 2010ರಲ್ಲಿ ಮೆಕ್ಸಿಕೋದ ಕ್ಯಾನ್‌ಕುನ್‌ನಲ್ಲಿ ನಡೆದ ಇದೇ ಸಮ್ಮೇಳನದಲ್ಲಿ ಇದಕ್ಕೇ ಅಂತ ಒಂದು ವ್ಯವಸ್ಥೆ ಮಾಡಿದರು. ಅದಕ್ಕೊಂದು ಸಮಿತಿ, ಕೋಪನ್‌ಹೇಗನ್ನಿನಲ್ಲಿ ಒಂದು ಕೇಂದ್ರ. 2023ರಲ್ಲಿ ದುಬೈನಲ್ಲಿ, ಅಬುಧಾಬಿಯ ತೈಲ ಕಂಪನಿಯ ಮುಖ್ಯಸ್ಥರೇ ಅಧ್ಯಕ್ಷತೆ ವಹಿಸಿದ್ದ ಸಮ್ಮೇಳನದಲ್ಲಿ, ಇದನ್ನೆಲ್ಲ ಅನುಷ್ಠಾನ ಮಾಡಲು ಒಂದು ಕಾರ್ಯಕ್ರಮ ಬೇಕು ಅಂತ ತೀರ್ಮಾನವಾಯಿತು. ಮರುವರ್ಷ ಅಜರ್‌ಬೈಜಾನಿನ ಬಾಕು. ಆ ದೇಶದ ಅಧ್ಯಕ್ಷರು ಎಣ್ಣೆ, ಗ್ಯಾಸು ದೇವರು ಕೊಟ್ಟ ವರ ಅಂತ ವೇದಿಕೆ ಮೇಲೇ ಹೇಳಿ ಕೂತರು. 1992ರಲ್ಲಿ ಕೆಲಸಕ್ಕೆ ಸೇರಿದ ಗುಮಾಸ್ತ ಈಗ ಪೆನ್ಶನ್ ಎಣಿಸುತ್ತಿದ್ದಾನೆ. ತಂತ್ರಜ್ಞಾನ ಇನ್ನೂ ಚಾರ್ಜ್ ತಗೊಂಡಿಲ್ಲ.

ಯಾಕಪ್ಪಾ ಬರಲಿಲ್ಲ ಅಂತ ಕೇಳಿದರೆ ಅಲ್ಲಿಂದ ಬರುವ ಉತ್ತರವೂ ಹಳೇದೇ. ನಿಮ್ಮಲ್ಲಿ 'ಪೂರಕ ವಾತಾವರಣ' ಇಲ್ಲ. ರಾಯಚೂರಿಗೆ ಹಾಕಿದರೆ ನಮ್ಮವರು ಹೇಳುತ್ತಾರಲ್ಲ, ನೀರು ಒಗ್ಗಲ್ಲ ಸಾರ್, ಮಕ್ಕಳಿಗೆ ಸ್ಕೂಲ್ ಸರಿಯಿಲ್ಲ ಸಾರ್ ಅಂತ. ಅದೇ ಮಾತು, ಸ್ವಲ್ಪ ಇಸ್ತ್ರಿ ಹಾಕಿದ್ದಾರೆ ಅಷ್ಟೇ.

ಕೆಲವು ವರ್ಷದ ಹಿಂದೆ ನಾನೂ ಒಂದು 'ಸಾಮರ್ಥ್ಯ ವೃದ್ಧಿ' ಕಾರ್ಯಾಗಾರಕ್ಕೆ ಹೋಗಿದ್ದೆ. ತಂತ್ರಜ್ಞಾನ ಬಂದರೆ ಇಳಿಸಿಕೊಳ್ಳುವ ತಾಕತ್ತು ನಮಗಿರಬೇಕಲ್ಲ, ಅದಕ್ಕೆ. ಬೆಂಗಳೂರಿನ ದೊಡ್ಡ ಹೋಟೆಲ್ಲು, ಏಪ್ರಿಲ್ ತಿಂಗಳಲ್ಲಿ ಸ್ವೆಟರ್ ಬೇಕೆನಿಸುವಷ್ಟು ಎಸಿ, ಸೆಣಬಿನ ಚೀಲದಲ್ಲಿ ಪ್ಯಾಡು ಪೆನ್ನು. ಯುರೋಪಿನಿಂದ ಬಂದಿದ್ದ ತಜ್ಞರೊಬ್ಬರು ಬಿಸಿಲಿನಲ್ಲಿ ಆಹಾರ ಒಣಗಿಸುವ ಬಗ್ಗೆ ಸ್ಲೈಡಿನ ಮೇಲೆ ಸ್ಲೈಡು ತೋರಿಸಿದರು. ಗಾಜಿನ ಮುಚ್ಚಳದ ಪೆಟ್ಟಿಗೆ, ಒಳಗೆ ಕಪ್ಪು ಬಣ್ಣ, ಕೆಳಗಿನಿಂದ ಗಾಳಿ ನುಗ್ಗಿ ಬಿಸಿಯಾಗಿ ಮೇಲಿನಿಂದ ಹೋಗುತ್ತದೆ, ಟೊಮೆಟೊ ಹೋಳು ಧೂಳಿಲ್ಲದೆ ಒಣಗುತ್ತವೆ. ಒಳ್ಳೆಯದೇ, ತಪ್ಪಿಲ್ಲ. ಆದರೆ ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಬೇಸಿಗೆ ರಜೆಯನ್ನೆಲ್ಲ ತಾರಸಿ ಮೇಲೆ ಸಂಡಿಗೆ ಕಾಯುತ್ತ ಕಳೆದವರು. ಹಳೇ ಪಂಚೆ ಹಾಸಿ, ನಾಲ್ಕು ಮೂಲೆಗೆ ಕಲ್ಲಿಟ್ಟು, ಕಾಗೆ ಬರದಂತೆ ಕಪ್ಪು ಕೊಡೆ ಬಿಚ್ಚಿಟ್ಟು, ಅರ್ಧ ಒಣಗಿದ್ದನ್ನು ಕದ್ದು ತಿಂದು ಬೈಸಿಕೊಂಡವರು. ಆ ಅರ್ಧ ಒಣಗಿದ ಸಂಡಿಗೆ ಇದೆಯಲ್ಲ, ಮೇಲೆ ಗರಿ, ಒಳಗೆ ಇನ್ನೂ ಮೆತ್ತಗೆ, ಇಂಗು, ಹಸಿಮೆಣಸಿನ ಖಾರ, ಅದನ್ನು ಯಾವ ಕರಿದ ಸಂಡಿಗೆಯೂ ಸೋಲಿಸಲು ಸಾಧ್ಯವಿಲ್ಲ. ಇರಲಿ. ನನ್ನ ಪಕ್ಕ ಕೂತಿದ್ದ, ನಿವೃತ್ತಿಗೆ ಹತ್ತಿರವಾಗಿದ್ದ ಅಧಿಕಾರಿಯೊಬ್ಬರು ಬಗ್ಗಿ ಕೇಳಿದರು, "ಕಾಗೆಗೆ ಏನ್ ಮಾಡಿದಾರ್ರೀ?"

"ಗಾಜಿದೆಯಲ್ಲ ಸಾರ್."

"ಹಂಗಾದ್ರೆ ಪರವಾಗಿಲ್ಲ," ಅಂತ ಪ್ಯಾಡಿನಲ್ಲಿ ಬರೆದುಕೊಂಡರು. ಸಂಜೆ ಎಲ್ಲರಿಗೂ ಸರ್ಟಿಫಿಕೇಟ್ ಕೊಟ್ಟರು. ನನ್ನ ಸಾಮರ್ಥ್ಯ ವೃದ್ಧಿಯಾಗಿ ಬೀರುವಿನಲ್ಲಿ ಭದ್ರವಾಗಿದೆ.

ದುಡ್ಡಿನ ಕತೆ ಬೇರೆ. 2009ರಲ್ಲಿ ಕೋಪನ್‌ಹೇಗನ್ನಿನಲ್ಲಿ ಮಾತು ಕೊಟ್ಟರು, 2020ರ ಹೊತ್ತಿಗೆ ವರ್ಷಕ್ಕೆ 100 ಶತಕೋಟಿ ಡಾಲರ್ ಅಂತ. ಶ್ರೀಮಂತ ದೇಶಗಳ ಸ್ವಂತ ಲೆಕ್ಕದ ಪ್ರಕಾರವೇ ಅದು ಮುಟ್ಟಿದ್ದು 2022ರಲ್ಲಿ. ಅದರಲ್ಲೂ ಸರ್ಕಾರಗಳು ಕೊಟ್ಟಿದ್ದರಲ್ಲಿ ಹೆಚ್ಚಿನ ಪಾಲು ಸಾಲ. ಸಾಲ ಕೊಟ್ಟು ದಾನ ಅಂತ ಬರೆದುಕೊಳ್ಳುವವರನ್ನು ನಮ್ಮೂರಲ್ಲಿ ಏನಂತಾರೆ ಅಂತ ಇಲ್ಲಿ ಬರೆಯುವ ಹಾಗಿಲ್ಲ. 2023ರಲ್ಲಿ ರಾಯ್ಟರ್ಸ್ ಸುದ್ದಿಸಂಸ್ಥೆಯವರು ಈ ಖರ್ಚಿನ ಪಟ್ಟಿ ಬಗೆದು ನೋಡಿದರೆ ಒಳಗೆ ಏನಿತ್ತು ಗೊತ್ತಾ? ಏಷ್ಯಾದಲ್ಲಿ ಇಟಲಿಯವರ ಚಾಕೊಲೇಟ್, ಐಸ್‌ಕ್ರೀಂ ಅಂಗಡಿ. ಹೈಟಿಯಲ್ಲಿ ಹೋಟೆಲ್ ವಿಸ್ತರಣೆಗೆ ಅಮೆರಿಕದ ಸಾಲ. ಕಾಡಿನಲ್ಲಿ ನಡೆಯುವ ಒಂದು ಪ್ರೇಮಕತೆಯ ಸಿನಿಮಾಕ್ಕೆ ಬೆಲ್ಜಿಯಂ ದುಡ್ಡು. ಬಾಂಗ್ಲಾದೇಶದಲ್ಲಿ ಜಪಾನಿನ ಕಲ್ಲಿದ್ದಲು ಸ್ಥಾವರ. ಐಸ್‌ಕ್ರೀಮನ್ನು ನಾನು ಒಪ್ಪುತ್ತೇನೆ, ಸೆಕೆ ಕಡಿಮೆ ಆಗುತ್ತೆ ಅಲ್ವಾ. ಕಲ್ಲಿದ್ದಲು ಹೇಗೆ ಹವಾಮಾನಕ್ಕೆ ಸಹಾಯ ಅಂತ ಯಾರಾದರೂ ಹೇಳಿಕೊಟ್ಟರೆ ಅದನ್ನೂ ಸಾಮರ್ಥ್ಯ ವೃದ್ಧಿ ಅಂತಲೇ ತಿಳಿಯುತ್ತೇನೆ. ಬಾಕುವಿನಲ್ಲಿ 100 ಹೋಗಿ 300 ಆಯಿತು, ಅದೂ 2035ಕ್ಕೆ. ನಮ್ಮ ದೇಶದ ಪ್ರತಿನಿಧಿ ಎದ್ದು ಇದು ಬರೀ ಕಣ್ಕಟ್ಟು ಎಂಬರ್ಥದ ಮಾತಾಡಿದರು. ಅಷ್ಟರಲ್ಲಿ ನಿರ್ಣಯ ಪಾಸಾಗಿ ಚಪ್ಪಾಳೆಯೂ ಮುಗಿದಿತ್ತು.

ಸರಿ, ಕೊಡದಿದ್ದರೆ ಬಿಡಿ, ನಾವೇ ಮಾಡಿಕೊಳ್ಳುತ್ತೇವೆ ಅಂತ ಹೊರಟದ್ದೂ ಆಯಿತು. 2010ರಲ್ಲಿ ನೆಹರೂ ಹೆಸರಿನ ಸೋಲಾರ್ ಮಿಷನ್ ಶುರುವಾದಾಗ, ಕೆಲವು ಯೋಜನೆಗಳಿಗೆ ಇಲ್ಲೇ ತಯಾರಾದ ಪ್ಯಾನೆಲ್ ಹಾಕಬೇಕು ಅಂತ ಷರತ್ತಿತ್ತು. ತೆಳು ಪದರದ ಪ್ಯಾನೆಲ್ಲಿಗೆ ಮಾತ್ರ ವಿನಾಯಿತಿ. ಅಮೆರಿಕದಿಂದ ಇಲ್ಲಿಗೆ ಬರುತ್ತಿದ್ದದ್ದು ಹೆಚ್ಚಾಗಿ ಅದೇ. ಅಲ್ಲಿನ ರಫ್ತು ಬ್ಯಾಂಕು ಕಡಿಮೆ ಬಡ್ಡಿಗೆ ಸಾಲ ಕೊಡುತ್ತಿತ್ತು, ಒಂದೇ ಷರತ್ತು, ಮಾಲು ನಮ್ಮದೇ ತಗೊಳ್ಳಿ. ಆ ಸಾಲವನ್ನೂ ಹವಾಮಾನ ನೆರವಿನ ಲೆಕ್ಕಕ್ಕೆ ಸೇರಿಸಿದರು. ಇಷ್ಟಾದರೂ ಸಮಾಧಾನ ಆಗಲಿಲ್ಲ. 2013ರ ಫೆಬ್ರುವರಿಯಲ್ಲಿ ಅಮೆರಿಕ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2016ರಲ್ಲಿ ನಾವು ಸೋತೆವು, ಮೇಲ್ಮನವಿಯಲ್ಲೂ ಸೋತೆವು. ನಿಮ್ಮ ಪ್ಯಾನೆಲ್ ನೀವು ಮಾಡಿಕೊಳ್ಳುವುದು ವ್ಯಾಪಾರಕ್ಕೆ ಅನ್ಯಾಯವಂತೆ.

ನಾವೂ ಒಂದು ಕೇಸು ಜಡಿದೆವು. ಅಮೆರಿಕದ ಎಂಟು ರಾಜ್ಯಗಳು ಇದನ್ನೇ ಮಾಡುತ್ತಿವೆ ಅಂತ. 2019ರ ಜೂನ್‌ನಲ್ಲಿ ಗೆದ್ದೆವು! ಆಗಸ್ಟ್‌ನಲ್ಲಿ ಅಮೆರಿಕ ಮೇಲ್ಮನವಿ ಹಾಕಿತು. ಆದರೆ ಮೇಲ್ಮನವಿ ಕೇಳುವ ಪೀಠಕ್ಕೆ ಹೊಸ ಸದಸ್ಯರ ನೇಮಕ ಆಗದಂತೆ ತಡೆದು ಕೂತಿದ್ದದ್ದೂ ಅಮೆರಿಕವೇ. ಡಿಸೆಂಬರ್‌ನಲ್ಲಿ ಪೀಠವೇ ನಿಂತುಹೋಯಿತು. ಕೋರ್ಟಿಗೆ ಬೀಗ ಹಾಕಿ ಅಪೀಲು ಹಾಕುವುದು. ಇಂಥ ಐಡಿಯಾ ನಮ್ಮ ತಾಲ್ಲೂಕು ಮಟ್ಟದ ವಕೀಲರಿಗೂ ಹೊಳೆದಿರಲಿಲ್ಲ, ಈ ಒಂದು ತಂತ್ರವನ್ನಾದರೂ ವರ್ಗಾಯಿಸಿದರಲ್ಲ ಅಂತ ಖುಷಿ ಪಡಬೇಕು. 2022ರಲ್ಲಿ ಅದೇ ಅಮೆರಿಕ ಕಾನೂನು ತಂದಿತು, ಅಮೆರಿಕದಲ್ಲೇ ತಯಾರಾದ ಮಾಲು ಹಾಕಿದವರಿಗೆ ಜಾಸ್ತಿ ತೆರಿಗೆ ರಿಯಾಯಿತಿ.

ಇಲ್ಲಿ ನನಗೆ ತಮಾಷೆ ಹೊಳೆಯುತ್ತಿಲ್ಲ. ಎಂಥ ಜನ ಇವರು? ಹೊಗೆ ಬಿಟ್ಟವರು ಅವರು, ಮೊದಲು ಮುಳುಗುವವರು ಬಾಂಗ್ಲಾದೇಶದ ಕರಾವಳಿಯವರು, ಮಾಲ್ಡೀವ್ಸ್‌ನವರು. ಮುಳುಗುವವರು ಗಾಳಿಯಂತ್ರ ಕೇಳಿದರೆ ಹೊಗೆ ಬಿಟ್ಟವರು ಕಾರ್ಯಾಗಾರ ಕೊಡುತ್ತಾರೆ, ದುಡ್ಡು ಕೇಳಿದರೆ ಸಾಲ ಕೊಡುತ್ತಾರೆ, ನಾವೇ ಮಾಡ್ಕೋತೀವಿ ಅಂದರೆ ನೋಟಿಸ್ ಕೊಡುತ್ತಾರೆ. ಮೂವತ್ತು ವರ್ಷ ಇದನ್ನೇ ಓದಿ ಓದಿ ಸಾಕಾಗಿದೆ.

ನಿಜವಾದ ವರ್ಗಾವಣೆ ಒಂದೇ ಒಂದು ಆಗಿದ್ದು, ಅದಕ್ಕೆ ಯಾವ ಸಮಿತಿಯೂ ಇರಲಿಲ್ಲ. ಶಿ ಝೆಂಗ್‌ರಾಂಗ್ ಅಂತ ಚೀನಾದ ಹುಡುಗ ಆಸ್ಟ್ರೇಲಿಯಾಕ್ಕೆ ಓದಲು ಹೋದ. ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ಮಾರ್ಟಿನ್ ಗ್ರೀನ್ ಎಂಬ ಮೇಷ್ಟ್ರ ಹತ್ತಿರ ಸೋಲಾರ್ ಸೆಲ್ ಮಾಡುವುದನ್ನು ಕಲಿತ. 2001ರಲ್ಲಿ ವೂಷಿ ನಗರಕ್ಕೆ ವಾಪಸ್ ಬಂದ, ಅಲ್ಲಿನ ನಗರಾಡಳಿತ ಬೆನ್ನಿಗೆ ನಿಂತಿತು, ಫ್ಯಾಕ್ಟರಿ ಹಾಕಿದ. ಮುಂದೆ ಆ ಕಂಪನಿಯೇನೋ ದಿವಾಳಿ ಎದ್ದಿತು, ಆದರೆ ಅಷ್ಟರಲ್ಲಿ ವಿದ್ಯೆ ಊರೆಲ್ಲ ಹರಡಿತ್ತು. ಈಗ ಪ್ಯಾನೆಲ್ ತಯಾರಿಕೆಯ ಪ್ರತಿ ಹಂತದಲ್ಲೂ ಶೇಕಡ 80ಕ್ಕಿಂತ ಜಾಸ್ತಿ ಪಾಲು ಚೀನಾದ್ದೇ.

ನಮ್ಮಲ್ಲಿ ಏನಾಯಿತು? ಸೋಲಾರ್ ಕಾರ್ಖಾನೆಗೆ ಅಂತ ಚೀನಾದಿಂದ ಮಿಷನ್ ತರಿಸಿದೆವು. 2020ರಲ್ಲಿ ಗಲ್ವಾನ್ ಗಡಿ ಘರ್ಷಣೆ ಆದ ಮೇಲೆ ಅದನ್ನು ಜೋಡಿಸುವ ಚೀನಾದ ಮೆಕ್ಯಾನಿಕ್ಕುಗಳಿಗೆ ವೀಸಾ ಕೊಡಲು ವರ್ಷಗಟ್ಟಲೆ ಸತಾಯಿಸಿದೆವು. ಮಿಷನ್ ಬರಬಹುದು, ಮಿಷನ್ ಗೊತ್ತಿರುವವನು ಬರಬಾರದು. ಬೈಯಲು ಹೊರಟರೆ ಮನೆಯವರನ್ನೂ ಬಿಡುವ ಹಾಗಿಲ್ಲ ನೋಡಿ. ಹಳ್ಳಿಮನೆಯ ಹಿರಿಯರಿಗೆ ಅಸ್ತ್ರ ಒಲೆ ನೆನಪಿರಬಹುದು, ಸೌದೆ ಕಡಿಮೆ, ಹೊಗೆ ಕಡಿಮೆ. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನವರು, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ್ದು. ಅವರೇ 1980ರ ದಶಕದ ಕೊನೆಗೆ ಕುಣಿಗಲ್ ತಾಲ್ಲೂಕಿನ ಪುರ ಅನ್ನುವ ಹಳ್ಳಿಯಲ್ಲಿ ಊರಿನ ಸಗಣಿಯಿಂದ ಗ್ಯಾಸು ಮಾಡಿ, ಎಂಜಿನ್ ಓಡಿಸಿ, ಮನೆಗಳಿಗೆ ದೀಪ, ನಲ್ಲಿಗೆ ನೀರು ಕೊಟ್ಟಿದ್ದರು. ಬೆಂಗಳೂರಿನಿಂದ ಕುಣಿಗಲ್ಲಿಗೆ ವಿದ್ಯೆ ಬರಲು ರಿಯೋ ಬೇಕಾಗಿರಲಿಲ್ಲ. ಅದು ಅಲ್ಲಿಂದ ಪಕ್ಕದ ಊರುಗಳಿಗೆ ಯಾಕೆ ಹೋಗಲಿಲ್ಲ ಅಂತ ಅಮೆರಿಕವನ್ನು ಕೇಳಿ ಉಪಯೋಗವಿಲ್ಲ.

ಅದೇ ತುಮಕೂರು ಜಿಲ್ಲೆಯ ಇನ್ನೊಂದು ತುದಿ ಪಾವಗಡ. ಅಲ್ಲೊಂದು ದೊಡ್ಡ ಸೋಲಾರ್ ಪಾರ್ಕು, 13,000 ಎಕರೆ, ಐದು ಹಳ್ಳಿ, 2,050 ಮೆಗಾವಾಟ್. ಸ್ನೇಹಿತನ ದೊಡ್ಡಪ್ಪನ ಜಮೀನೂ ಅದರಲ್ಲಿ ಸೇರಿದೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರುತ್ತದೆ. ಮಳೆ ನಂಬಿ ಕಡ್ಲೆಕಾಯಿ ಬಿತ್ತಿ ಕೈಸುಟ್ಟುಕೊಂಡವರಿಗೆ ಇದು ಕೆಟ್ಟದ್ದೇನಲ್ಲ, ಅವರೇ ಹೇಳುತ್ತಾರೆ. ಜಮೀನಿಲ್ಲದೆ ಕೂಲಿ ಮಾಡುತ್ತಿದ್ದವರ ಮಾತು ಬೇರೆ. ಪ್ಯಾನೆಲ್ ಕೆಳಗೆ ಹುಲ್ಲು ಕೊಯ್ಯುವ ಕೆಲಸ ಎಷ್ಟು ಜನಕ್ಕೆ ಸಿಕ್ಕೀತು?

ನಾವು ಹೋದ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕರೆಂಟ್ ಹೋಯಿತು. ಜಗುಲಿಯಿಂದ ನೋಡಿದರೆ ಕಣ್ಣು ಹಾಯುವಷ್ಟು ದೂರ ಪ್ಯಾನೆಲ್ಲು, ಕೆರೆ ನೀರಿನ ಹಾಗೆ ಹೊಳೆಯುತ್ತಿದೆ. ಅಲ್ಲಿ ಹುಟ್ಟಿದ ಕರೆಂಟು ದೊಡ್ಡ ಲೈನ್ ಹತ್ತಿ ಗ್ರಿಡ್ಡಿಗೆ ಹೋಗುತ್ತದೆ, ಊರಿಗೆ ಬರುವ ತಂತಿ ಬೇರೆ, ತಾಂತ್ರಿಕವಾಗಿ ಎಲ್ಲ ಸರಿಯಾಗಿಯೇ ಇದೆ. ದೊಡ್ಡಪ್ಪ ಟವೆಲ್ಲಿನಿಂದ ಗಾಳಿ ಬೀಸಿಕೊಳ್ಳುತ್ತ ಮುದ್ದೆ ಮುರಿದರು.

ಕೈ ತೊಳೆಯಲು ಹಿತ್ತಿಲಿಗೆ ಹೋದೆ. ಅಲ್ಲೊಂದು ಕೋಳಿ ಗೂಡು. ಪ್ಯಾನೆಲ್ ತುಂಬಿಕೊಂಡು ಬಂದಿದ್ದ ಮರದ ಪೆಟ್ಟಿಗೆಯ ಹಲಗೆ ಕಿತ್ತು ಬಡಿದು ಮಾಡಿದ್ದು. ಹಲಗೆ ಮೇಲೆ ಕಪ್ಪು ಬಣ್ಣದಲ್ಲಿ ಚೀನಿ ಅಕ್ಷರ ಎರಡು ಸಾಲು, ಪಕ್ಕದಲ್ಲಿ ಒಂದು ಕೊಡೆಯ ಚಿತ್ರ, ಒಂದು ಬಾಣ. ಬಾಣ ನೆಲ ತೋರಿಸುತ್ತಿತ್ತು, ತಲೆಕೆಳಗಾಗಿ ಬಡಿದಿದ್ದರು. ಓದಲು ಬಾರದಿದ್ದರೂ ಬಗ್ಗಿ ನೋಡುತ್ತಿದ್ದೆ.

"ಹತ್ರ ಹೋಗ್ಬ್ಯಾಡಪ್ಪ," ಒಳಗಿನಿಂದ ದೊಡ್ಡಮ್ಮ ಕೂಗಿದರು. "ಹ್ಯಾಟೆ ಕಾವಿಗೆ ಕೂತೈತೆ, ಕುಕ್ತೈತೆ."